ನಮ್ಮ ಮಂಡಳಿಯ ಬೋರ್ಡು

ನಮ್ಮ ಕಲಾ ಮಂಡಳಿ ಯಾವ ಹಳ್ಳಿಗೆ ಹೋದ್ರೂ ಅಲ್ಲಿ ಏನಾತು ಅನ್ನೂದು ನಮಗ ಮರುದಿನಾ ತಿಳೀತಿತ್ತು. ಕೆಲವೊಂದು ಇನ್ನೂ ತಿಳದಿಲ್ಲ.

ಐವತ್ತರ ದಶಕ ಮುಗೀಲಿಕ್ಕೆ ಬಂದಿತ್ತು. ವಿಜಾಪುರದಾಗ ಒಬ್ಬ ಡ್ರಾಯಿಂಗ್ ಮಾಸ್ತರ್ರು ರಿಟೈರ್ ಆದಮ್ಯಾಲೆ ತಮ್ಮ ಮನಿ ಪಡಸಾಲ್ಯಾಗ ಈ ಮಂಡಳಿ ತಗದ್ರು. ಹಳ್ಳಿಗೋಳಿಗೆ ಕಲಾ ಮುಟ್ಟಸೂದು ಉದ್ದೇಶ, ಲಾಭದ ಮಾತಿಲ್ಲ. ಬಾಗಲಾ ಮ್ಯಾಲಿನ ಬೋರ್ಡು ಅವರ ಕೈಲೇ ಬರದದ್ದು. ಅವರು ಅಧ್ಯಕ್ಷರು, ನಾ ಸೆಕ್ರೆಟರಿ. ಉಳದ ಹೊತ್ತಿನ್ಯಾಗ ನಾ ಕಾಳಿನ ಅಡತಿ ಅಂಗಡಿ ಗುಮಾಸ್ತ. ಯಾರರ ‘ಸೆಕ್ರೆಟರಿ ಸಾಹೇಬ್ರ’ ಅಂದ್ರ ಎದಿ ಎರಡು ಬಟ್ಟು ಉಬ್ಬತಿತ್ತು.

ಮೂರು ವರ್ಷ ನಾವ ಹಳ್ಳಿಗೆ ಹೋಗತಿದ್ವಿ, ಯಾರೂ ಕರೀತಿದ್ದಿಲ್ಲ. ಒಂದು ದೀಪಾವಳಿಗೆ ಮಾಸ್ತರ್ರು ಅಂದ್ರು: “ತಮ್ಮಾ, ಹೋಳಿ ತನಕಾ ನೋಡೂಣು. ಒಂದ ಹಳ್ಳಿಯವರರ ತಾವಾಗಿ ಕರದ್ರ ಸೈ. ಇಲ್ಲಂದ್ರ ಬೋರ್ಡು ಇಳಸಿಬಿಡೂಣು.”

ಬೋರ್ಡು ಇಳದ್ರ ನಾ ಮತ್ತ ಬರೇ ಗುಮಾಸ್ತ.

೧. ಟಾಂಗಾದಾಂವ

ಮೊದಲ ತಿಕೋಟಾ. ಅಲ್ಲಿ ಚಿತ್ರದ ಪ್ರದರ್ಶನಾ. ಗಾಜಿನ ಕಟ್ಟಿನ ಚಿತ್ರಾ ಬಸ್ಸಿನ್ಯಾಂವ ಒಲ್ಲೆ ಅಂದ. ನಮ್ಮ ಓಣ್ಯಾಂದ ಒಂದು ಟಾಂಗಾ ಮಾಡಿದ್ವಿ. ಚಿತ್ರದಾಗ ಎಲ್ಲಾಕಿಂತ ದೊಡ್ಡದು ಆ ಟಾಂಗಾದವನ ಮಾರಿ ಚಿತ್ರಾನ. ಅವನ್ನ ಎದುರಿಗೆ ಕುಂದ್ರಿಸಿ ಮಾಸ್ತರ್ರು ಬರದಿದ್ರು. ಚಾವಡಿ ಗ್ವಾಡಿಗೆ ತೂಗ ಹಾಕಿ, ಚಂದ ಕಾಣಲಿ ಅಂತ ಒಂದು ಚೆಂಡುಹೂವಿನ ಮಾಲಿನೂ ಹಾಕಿದ್ರು.

ಮಂದಿ ಬಂದ್ರು. ಕೆರವು ಹೊರಗ ಬಿಟ್ಟು, ಕೈ ಮುಗದು, ಗ್ವಾಡಿಗುಂಟ ಕುಂತ್ರು. ಯಾರೂ ಪಿಟ್ಟ ಅನ್ನಲಿಲ್ಲ.

“ಎಂಥಾ ರಸಿಕರು ನೋಡು” ಅಂದ್ರು ಮಾಸ್ತರ್ರು ನನ್ನ ಕಿವ್ಯಾಗ.

ಒಬ್ಬ ಮುದುಕಿ ನನ್ನ ಬಾಜೂಕ ಸರದು ಆ ಚಿತ್ರಾ ತೋರಿಸಿ ಕೇಳಿದ್ಲು: “ಮಕ್ಕಳೆಷ್ಟ ಮಂದಿಪಾ ಇವಗ?”

“ನಾಕು, ಆಯಿ.”

“ಸಣ್ಣವೇನು?”

“ಸಣ್ಣವ.”

ಆಕಿ ಸೆರಗಿಲೆ ಕಣ್ಣು ಒರಸಿಕೊಂಡ್ಲು. ಅತ್ಲಾಗ ಕುಂತ ಇಬ್ರೂ ಒರಸಿಕೊಂಡ್ರು. ಚಿತ್ರಾ ನೋಡಿ ಇಷ್ಟು ಅಳೂ ಮಂದೀನ ನಾ ಕಂಡಿದ್ದಿಲ್ಲ.

ಅಷ್ಟರಾಗ “ಕುದರಿಗೆ ನೀರು ಎಲ್ಲಿ ಸಿಗತಾವ್ರಿ?” ಅಂತ ಟಾಂಗಾದಾಂವ ಒಳಗ ಬಂದ. ಕುಂತವರೆಲ್ಲಾ ದಡಕ್ಕನ ಎದ್ರು. ಇಬ್ರು ಕೆರವು ಬಿಟ್ಟ ಓಡಿದ್ರು. ಆವಾಗ ನಮಗ ಹೊಳೀತು, ಗ್ವಾಡಿ ಮ್ಯಾಲೆ ಮಾಲಿ ಹಾಕಿದ ಪಟಾ ಅಂದ್ರ ಸತ್ತವರದ್ದು.

ಮುದುಕಿ ಗ್ವಾಡಿ ನೋಡಿದ್ಲು, ಅವನ್ನ ನೋಡಿದ್ಲು. ಸಿಟ್ಟು ನೆತ್ತಿಗೇರಿತು. “ಅರಿವಿ ಒಗಿಯೂದು ಬಿಟ್ಟ ಬಂದು ಅಳಾಕತ್ತೇನಿ. ನೀ ನೋಡಿದ್ರ ಆರಾಮ ಅದಿ. ನಾಚಿಕಿ ಬರೂದಿಲ್ಲಾ?”

೨. ಊರ ಅಳ್ಯಾ

ಬಬಲೇಶ್ವರದ ಸಂತಿ ದಿನಾ ನಾಟಕಾ. ಭಿಕ್ಷುಕನ ಪಾತ್ರ ನಮ್ಮ ಪೋಸ್ಟಿನ ಕಾರಕೂನಂದು. ಅವನ ಹೆಂಡತಿ ತವರಮನಿ ಅದ ಊರು ಅನ್ನೂದು ನಮಗ ಯಾರೂ ಹೇಳಿದ್ದಿಲ್ಲ.

ಹರಕ ಅಂಗಿ ಹಾಕ್ಕೊಂಡು, ಕೈಯಾಗ ತಟ್ಟಿ ಹಿಡದು ಅಂವಾ ಸ್ಟೇಜಿಗೆ ಬಂದ. ಅವನ ಮಾವ ಎದ್ದು ಸೀದಾ ಮನಿಗೆ ಹೋದ. ಸಿಟ್ಟಾಗಿ ಹೋದ ಅಂತ ನಾವು ತಿಳಕೊಂಡ್ವಿ. ಹೊಳ್ಳಿ ಬಂದ, ಕೈಯಾಗ ಜರಿ ಪಟಕಾ, ಹೊಸಾ ಧೋತರ. ಸ್ಟೇಜ್ ಏರಿ ಅಳ್ಯಾಗ ಎಲ್ಲಾ ಉಡಿಸಿದ, ಕುಂಕುಮ ಹಚ್ಚಿದ, ಮಂದಿ ಕಡೆ ತಿರುಗಿ ಅಂದ: “ನಮ್ಮ ಅಳ್ಯಾಗ ಏನೂ ಕಡಿಮಿ ಇಲ್ರಿ. ಹೂಂ ಅಳ್ಯಾರ, ಈಗ ಬೇಡ್ರಿ ಭಿಕ್ಷಾ.”

ಸಾಹುಕಾರನ ಪಾತ್ರದಾಂವ ಭಿಕ್ಷುಕನ ಕುತಗಿ ಹಿಡದು ಹೊರಗ ನೂಕಬೇಕಿತ್ತು. ಮುಂದಿನ ಸಾಲಿನ್ಯಾಗ ಆರು ಮಂದಿ ಬೀಗರ ಹುಡುಗರು ತೋಳು ಏರಿಸಿ ಕುಂತಿದ್ರು. ಅಂವಾ ಅವರನ್ನ ನೋಡಿದ, “ಬರ್ರಿ, ಕುಂದರ್ರಿ” ಅಂತ ತನ್ನ ಕುರ್ಚಿ ಬಿಟ್ಟುಕೊಟ್ಟ. ಮುಂದ ನಾಟಕಾ ಯಾವ ಕಡೆ ಹೋತೋ ದೇವರಿಗೇ ಗೊತ್ತು.

ಹೊಂಟಾಗ ನಾನ ಬಾಯಿಬಿಟ್ಟ ಕೇಳಿದೆ: “ಮತ್ತ ಕರೀತೀರೇನ್ರಿ ನಮ್ಮನ್ನ?”

“ಅಳ್ಯಾನ್ನ ಕಳಸ್ರಿ” ಅಂದ ಮಾವ. “ನೀವೇನ ಬರೂದು ಬ್ಯಾಡ.”

೩. ಅರಕೇರಿ ಯಾದಿ

ಅರಕೇರಿಗೆ ಕಲಾವಿದರ ಯಾದಿ ಮಾಡಾಕ ಹೋಗಿದ್ವಿ. ಊರ ಹಿರ್ಯಾನ ಮುಂದ ಕಾಗದಾ ಹಿಡದು ಕೇಳಿದೆ: “ನಿಮ್ಮೂರಾಗ ಕಲಾವಿದರು ಎಷ್ಟ ಮಂದಿ ಅದಾರ್ರಿ?”

“ತಡೀರಿ” ಅಂದ, “ಆ ಡೊಳ್ಳು ನಿಲ್ಲಲಿ, ನಿಮ್ಮ ಮಾತು ಕೇಳಸವಲ್ದು.”

ಡೊಳ್ಳು ನಿಂತಿತು. ಹಿಂದಿನ ಮನ್ಯಾಗ ಹೆಣ್ಣಮಕ್ಕಳು ಬೀಸೂ ಪದಾ ಎತ್ತಿದ್ರು. ಅದೂ ಮುಗಿಯೂ ತನಕಾ ಕಾದ್ವಿ.

“ಇಲ್ರಿ” ಅಂದ ಹಿರ್ಯಾ. “ಅಂಥವರು ಯಾರೂ ಇಲ್ಲ. ಎಲ್ಲಾರೂ ದುಡದು ತಿನ್ನವರ.”

ಮಾಸ್ತರ್ರು ಕನ್ನಡಕದ ಮ್ಯಾಲಿಂದ ನೋಡಿ ಅಂದ್ರು: “ಯಾರೂ ಇಲ್ಲ ಅಂತ ಬರಿ, ತಮ್ಮಾ.” ಬರದೆ.

೪. ಜೈನಾಪುರದ ಬಂಡಿ

ಹೋಳಿಗೆ ನಾಕು ದಿನಾ ಇರಬೇಕಾದ್ರ ಜೈನಾಪುರದಿಂದ ಒಂದು ಕಾಗದಾ ಬಂತು. “ಅಧ್ಯಕ್ಷರು, ಸೆಕ್ರೆಟರಿ ಇಬ್ರೂ ಬರಬೇಕು. ಬೋರ್ಡು ತಪ್ಪದ ತರಬೇಕು.” ಆ ಊರಿಗೆ ನಾವು ಒಮ್ಮೆನೂ ಕಾಲಿಟ್ಟಿದ್ದಿಲ್ಲ. ನನಗ ಅಳುನೂ ಬಂತು, ನಗುನೂ ಬಂತು. ಬೋರ್ಡು ಯಾಕ ಅನ್ನೂದು ಇಬ್ಬರಿಗೂ ಹೊಳೀಲಿಲ್ಲ.

ಜೈನಾಪುರದಾಗ ಹಲಗಿ ಬಾರಿಸಿ ಕರಕೊಂಡ್ರು, ಕಂಬಳಿ ಹಾಸಿ ಕುಂದ್ರಿಸಿದ್ರು, ಬೋರ್ಡು ಇಸಗೊಂಡ ಹೋದ್ರು. ಹೋಳಿಗೆ ಈ ಕಡೆ ಸೋಗು ಹಾಕತಾರ. ಬಂಡಿ ಮ್ಯಾಲೆ ವೇಷಾ ಹಾಕಿ ನಿಂತು ಫೌಜದಾರ, ತಲಾಟಿ, ಯಾರ ನಡಿಗಿ ಬೇಕಾದ್ರೂ ತಗದು ನಗಸತಾರ. ಆ ಬಂಡಿ ಬಂತು. ಮುಂದ ನಮ್ಮ ಬೋರ್ಡು ಕಟ್ಟಿತ್ತು.

ಬಂಡಿ ಮ್ಯಾಲೆ ಒಬ್ಬ ರೈತ ಮಾಸ್ತರ್ರಾಗಿ ನಿಂತಿದ್ದ. ತಲಿಗೆ ಸುಣ್ಣ, ಕಣ್ಣಿಗೆ ತಂತಿ ಕನ್ನಡಕ. ಇನ್ನೊಬ್ಬ ಬಗಲಾಗ ಛತ್ರಿ, ಕೈಯಾಗ ಕಾಗದಾ ಹಿಡದು ಕಂಡಕಂಡವರನ್ನ ಕೇಳಾಕತ್ತಿದ್ದ: “ನಿಮ್ಮೂರಾಗ ಕಲಾವಿದರು ಎಷ್ಟ ಮಂದಿ?” ಬಂಡಿ ಜಗ್ಗೂ ಎತ್ತಿಗೂ ಕೇಳಿದ. ನಡಿಗಿ ಸಹಿತ ನಂದ; ಬಬಲೇಶ್ವರದ ಸಂತ್ಯಾಗ ನೋಡಿಟ್ಟಿದ್ರಂತ. ಮಾಲಿ ಹಾಕಿದ ಟಾಂಗಾದಾಂವ ಬಂದ, ಜರಿ ಪಟಕಾದ ಭಿಕ್ಷುಕ ಬಂದ. ಮಂದಿ ಬಿದ್ದ ಬಿದ್ದ ನಕ್ಕಿತು. ಕಡೀಕ ಸುಣ್ಣದ ಮಾಸ್ತರ್ರು ಕೈ ಎತ್ತಿ ಅಂದ್ರು: “ಇವತ್ತಿನಿಂದ ಈ ಊರಾಗ ಕಲಾ ಸುರು.”

ನಮ್ಮ ಮಾಸ್ತರ್ರು ದುಡುದುಡು ಎದ್ರು. ಮುಗೀತು ಮಂಡಳಿ ಅಂದುಕೊಂಡೆ. ಅವರು ಬಂಡಿ ಏರಿದ್ರು, ತಮ್ಮ ಕನ್ನಡಕಾ ತಗದು ಆ ರೈತನ ಮೂಗಿನ ತುದೀಗೆ ಇಟ್ರು. “ಹಿಂಗ ಹಾಕೋಬೇಕಪಾ. ನಾ ಮ್ಯಾಲಿಂದ ನೋಡತೀನಿ, ಒಳಗಿಂದ ಅಲ್ಲ.”

ಹೊಂಟಾಗ ಬೋರ್ಡು ಕೊಡವಲ್ರು. “ಮುಂದಿನ ವರ್ಷಕ್ಕೂ ಬೇಕ್ರಿ” ಅಂದ್ರು.

ದಾರ್ಯಾಗ ನಾ ಕೇಳಿದೆ: “ಮಾಸ್ತರ್ರ, ಇದು ಕರದ್ಹಂಗ ಆತೋ, ಇಲ್ಲೋ?”

“ನನಗೂ ತಿಳೀವಲ್ದು” ಅಂದ್ರು.

ಎರಡ ದಿನಕ್ಕ ತಿಕೋಟಾದಿಂದ ಕಾಗದಾ ಬಂತು: “ರಂಗಪಂಚಮಿಗೆ ನಮ್ಮೂರಿಗೆ ಕಲಾ ಮಂಡಳಿ ಬೇಕು. ಜೈನಾಪುರದ ಮಾಸ್ತರ್ರನ್ನೂ ಸೆಕ್ರೆಟರೀನೂ ಕಳಸ್ರಿ. ನೀವು ತ್ರಾಸ ತಗೋಬ್ಯಾಡ್ರಿ.”

ಮಾಸ್ತರ್ರು ಮೂರು ಸರ್ತೆ ಓದಿ, ಕಣ್ಣು ಒರಸಿಕೊಂಡು ಅಂದ್ರು: “ಬೇಕು ಅಂದಾರಲ್ಲ ತಮ್ಮಾ, ತಾವಾಗೇ ಬರದಾರ. ಇನ್ನ ಏನಾದ್ರೂ ಬೋರ್ಡು ಇಳಸಂಗಿಲ್ಲ.”

ನಾ ಬಾಗಲಾ ಮ್ಯಾಲೆ ನೋಡಿದೆ. ಎರಡು ಮೊಳಿ ಅಷ್ಟ ಇದ್ವು.

“ಮಾಸ್ತರ್ರ, ಬೋರ್ಡು ಜೈನಾಪುರದಾಗ ಐತಿ.”