ಎಂಟು ಓಮ್ ಸಾಲದು

ನಗೆಪಾಟಲಾಗುವುದಕ್ಕೆ ಕೆಲವರು ಹೊರಗೆ ನಾಲ್ಕು ಜನರ ಮಧ್ಯೆ ಹೋಗಬೇಕಾಗುತ್ತದೆ. ನನಗೆ ಆ ತೊಂದರೆಯಿಲ್ಲ, ಅದಕ್ಕೆಂದೇ ಮನೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಅದು ವಾಲ್ವ್ ಕಾಲದ ಗಿಟಾರ್ ಆಂಪ್ಲಿಫಯರ್. ವಯಸ್ಸಿನಲ್ಲಿ ನನಗಿಂತ ಹಿರಿದು. ಸ್ವಿಚ್ ಹಾಕಿದರೆ ತಕ್ಷಣ ಮಾತಾಡುವುದಿಲ್ಲ, ಒಳಗಿನ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಪಗಾಗಿ, ಬಿಸಿಯಾಗಿ, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತದೆ. ಅದು ಮನೆಗೆ ಬಂದಾಗಿನಿಂದ ಇಂಥ ಪ್ರಸಂಗಗಳು ನಡೆಯುತ್ತಲೇ ಇವೆ.

ನಾನು ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಊರು ಗದಗಿನ ಕಡೆ. ಪುಟ್ಟೇನಹಳ್ಳಿಯಲ್ಲಿ ಒಂದು ಮನೆಯ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಕೆಳಗೆ ಓನರ್ ಮತ್ತು ಅವರ ವಯಸ್ಸಾದ ತಾಯಿ. ಹಿಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಅದೇ ಹೊಲದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ. ಗಾಳಿ, ಬೆಳಕು, ಕಾವೇರಿ ನೀರು, ನಡೆದು ಹೋಗುವಷ್ಟು ಹತ್ತಿರದಲ್ಲಿ ಮಗಳ ಶಾಲೆ. ನನ್ನ ಹೆಂಡತಿಗೆ ಈ ಮನೆಯೆಂದರೆ ಪ್ರಾಣ.

ಓನರ್ ಹಾಕಿದ್ದು ಒಂದೇ ಷರತ್ತು, "ಗಲಾಟೆ ಗಿಲಾಟೆ ಇರಬಾರ್ದು ಮೇಷ್ಟ್ರೇ, ಅಮ್ಮಂಗೆ ಆಗಕಿಲ್ಲ." ಪೆಟ್ಟಿಗೆ ಬಂದ ಮೇಲೆ ಅವರು ಎರಡು ಸಲ ಮೆಟ್ಟಿಲು ಹತ್ತಿ ಬಂದರು. ಎರಡನೇ ಸಲ ಬಾಗಿಲಲ್ಲೇ ನಿಂತು ಹೇಳಿದರು, "ಇನ್ನೊಂದ್ಸಲ ನಾನು ಮೇಲಕ್ಕೆ ಬಂದ್ರೆ ನೀವು ಕೆಳಕ್ಕೆ ಇಳೀಬೇಕಾಯ್ತದೆ, ಸಾಮಾನು ಸಮೇತ."

ಅವರು ಇಳಿದು ಹೋದ ಮೇಲೆ ಹೆಂಡತಿ ತಣ್ಣಗೆ ಹೇಳಿದಳು, "ಹಂಗೇನರ ಆದ್ರ ನಾನು ಮನ್ಯಾಗ ಇರ್ತೀನಿ. ನೀವು ಪೆಟಿಗಿ ತಗೊಂಡು ಹೋಗ್ರಿ."

ಶೋಕೇಸ್

ಪೆಟ್ಟಿಗೆಯನ್ನು ಕೊಂಡದ್ದು ಆರ್.ಟಿ. ನಗರದಲ್ಲಿ, ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿ ಈಗ ಸುಮ್ಮನಾಗಿರುವ ಹಿರಿಯರೊಬ್ಬರಿಂದ. ಒಳಗಿನ ಸ್ಪೀಕರ್ ಹಳತಾಗಿದೆ, ದನಿ ಹೊರಡಿಸುವ ಅದರ ಕಾಗದ ಒಂದು ಕಡೆ ಹರಿದಿದೆ, ಬದಲಾಯಿಸಬೇಕು ಎಂದು ಅವರು ಮೊದಲೇ ಪ್ರಾಮಾಣಿಕವಾಗಿ ಹೇಳಿದರು. ಆಮೇಲೆ ನುಡಿಸಿ ತೋರಿಸಿದರು. ದಪ್ಪ ತಂತಿ ಮೀಟಿದಾಗಲೆಲ್ಲ ಸ್ವರದ ಹಿಂದೆ ಸಣ್ಣಗೆ "ಜುಂಯ್" ಎಂದು ಒಂದು ದನಿ ಬರುತ್ತಿತ್ತು.

ನಾನು ಕಣ್ಣು ಮುಚ್ಚಿದೆ. "ಇದೇ ಸಾರ್, ನಾನು ಇಷ್ಟು ವರ್ಷ ಹುಡುಕ್ತಿದ್ದ ಟೋನ್. ಈ ಜುಂಯ್ ಈಗಿನ ಆಂಪ್‌ಗಳಲ್ಲಿ ಸತ್ತರೂ ಬರಲ್ಲ. ಹಳೇ ಮರ, ಹಳೇ ವಾಲ್ವು, ಅದರ ಗುಣವೇ ಬೇರೆ," ಎಂದೆ. ಕ್ಲಾಸಿನಲ್ಲಿ ಪಾಠ ಮಾಡುವ ಚಟ, ಕಾರಣವನ್ನೂ ವಿವರಿಸಿದೆ. ಅವರು ಒಂದು ಸಲ ನನ್ನನ್ನು, ಒಂದು ಸಲ ಗೋಡೆಯನ್ನು ನೋಡಿ ಸುಮ್ಮನಾದರು.

ಮನೆಗೆ ತಂದು ಹಾಕಿದರೆ ಜುಂಯ್ ಇಲ್ಲ. ಗುಂಡಿಗಳನ್ನೆಲ್ಲ ತಿರುಗಿಸಿದೆ. ಹಿಂದಿನ ಹಲಗೆ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಕೊನೆಗೆ ಅವರಿಗೇ ಫೋನ್ ಮಾಡಿದೆ.

"ಓ, ಜುಂಯ್ ಅನ್ನೋದಾ? ಅದು ನಮ್ಮನೆ ಶೋಕೇಸ್ ಗಾಜು ಸಾರ್, ಲೂಸಾಗಿದೆ. ನೀವು ಅಷ್ಟು ಹೊಗಳ್ತಾ ಇದ್ರಿ, ಮಧ್ಯೆ ಬಾಯಿ ಹಾಕೋದು ಬೇಡ ಅಂತ ಸುಮ್ಮನಿದ್ದೆ. ಬೇಕಿದ್ರೆ ಬನ್ನಿ, ಅದನ್ನೂ ಕೊಡ್ತೀನಿ."

ದುಂಡಗಿನ ಟೋನ್

ಹೊಸ ಸ್ಪೀಕರ್ ಹುಡುಕುವ ಮೊದಲು ನಾನು ಇಂಟರ್ನೆಟ್ಟಿನಲ್ಲಿ ದೀರ್ಘ ಅಧ್ಯಯನ ಮಾಡಿದೆ. ಅಲ್ಲಿ ದೇಶವಿದೇಶದ ಗಿಟಾರಿನವರು ಸ್ಪೀಕರ್‌ಗಳನ್ನು ಹೊಗಳುವ ಭಾಷೆಯೇ ಬೇರೆ. ಒಂದರ ಟೋನ್ ಬೆಚ್ಚಗೆ, ಒಂದರದು ದುಂಡಗೆ, ಇನ್ನೊಂದರದು ಗಾಢ. ಜೋರಾಗಿ ನುಡಿಸಿದಾಗ ಸ್ವರ ಅಂಚಿನಲ್ಲಿ ಸ್ವಲ್ಪವೇ ಸ್ವಲ್ಪ ಒಡೆಯಬೇಕಂತೆ, ಅದೇ ಪರಮಸುಖವಂತೆ. ಈ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಯಶವಂತಪುರದ ಒಂದು ಮೈಕ್‌ಸೆಟ್ ಅಂಗಡಿಗೆ ಹೋದೆ. ಮದುವೆ, ಗಣೇಶೋತ್ಸವ, ಚುನಾವಣೆ ಎಲ್ಲಕ್ಕೂ ಅಲ್ಲಿಂದಲೇ ಸ್ಪೀಕರ್ ಹೋಗುತ್ತದೆ.

"ಹನ್ನೆರಡು ಇಂಚಿಂದು ಬೇಕು. ದುಂಡಗಿರಬೇಕು," ಎಂದೆ.

ಅಂಗಡಿಯವರು ಹಿಂದಿನ ರ‍್ಯಾಕನ್ನು ನೋಡಿದರು. "ಎಲ್ಲಾ ದುಂಡಗೇ ಇದಾವೆ ಸಾರ್. ಚೌಕ ಬರಲ್ಲ."

"ಹಾಗಲ್ಲ. ಬೆಚ್ಚಗಿರಬೇಕು ಅಂತ."

"ಹಾಕಿ ಒಂದು ಗಂಟೆ ಬಿಡಿ, ಬಿಸಿ ಆಗುತ್ತೆ."

ನಾನು ಮುಖ್ಯ ವಿಷಯಕ್ಕೆ ಬಂದೆ. "ನೋಡಿ, ವಾಲ್ಯೂಮ್ ಜಾಸ್ತಿ ಮಾಡಿದಾಗ ಸೌಂಡು ಸ್ವಲ್ಪ ಒಡೀಬೇಕು."

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಂಗಡಿಯವರು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟರು. "ಒಡೀಬೇಕಾ? ಒಡೀಬಾರದಾ?"

"ಒಡೀಬೇಕು."

"ಸಾರ್, ಒಡೀತಿದೆ ಅಂತ ಜನ ನನ್ನನ್ನ ಬೈದು ವಾಪಸ್ ತಂದಿಟ್ಟಿರೋದು ಗೋಡೌನ್ ತುಂಬ ಇದೆ," ಎಂದು ಅವರು ಬೀಗದ ಕೈ ತೆಗೆದುಕೊಂಡು ಎದ್ದರು. "ನೀವು ಇಷ್ಟು ದಿನ ಎಲ್ಲಿದ್ರಿ?"

ಪರೀಕ್ಷೆ

ಕೊನೆಗೆ ಒಡೆಯದ ಎರಡು ಸ್ಪೀಕರ್ ತಂದೆ, ಒಂದನ್ನು ಇಟ್ಟುಕೊಂಡು ಒಂದನ್ನು ಹಿಂದಿರುಗಿಸುವ ಮಾತಿನ ಮೇಲೆ. ಭಾನುವಾರ ಓನರ್ ತಾಯಿಯನ್ನು ಕರೆದುಕೊಂಡು ಹೆಸರಘಟ್ಟದ ತೋಟಕ್ಕೆ ಹೋಗಿದ್ದರು. ಇಂಥ ಅವಕಾಶ ಮತ್ತೆ ಸಿಗದೆಂದು ಹೆಬ್ಬಾಳದಲ್ಲಿರುವ ನಮ್ಮ ಕಾಲೇಜಿನ ಗಣಿತದ ಮೇಷ್ಟ್ರನ್ನು ಕರೆಸಿಕೊಂಡೆ. ಯಾವುದು ಯಾವ ಸ್ಪೀಕರ್ ಎಂದು ಗೊತ್ತಿಲ್ಲದೆ ಕಿವಿಯಿಂದಲೇ ಆರಿಸುವುದು ವೈಜ್ಞಾನಿಕ ವಿಧಾನ. ನಾನು ಗೋಡೆಗೆ ಮುಖ ಮಾಡಿ ಕೂತು ಗಿಟಾರ್ ನುಡಿಸುವುದು, ಹಿಂದೆ ಅವನು ವೈರನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದು.

ಮೊದಲನೆಯದನ್ನು ನುಡಿಸಿದೆ. "ಇದು ಗಂಟಲಲ್ಲೇ ಉಳೀತಿದೆ. ಎದೆಯಿಂದ ಬರ್ತಿಲ್ಲ," ಎಂದು ಹೇಳಿ ಕೈಯೆತ್ತಿ ಬದಲಾಯಿಸಲು ಸೂಚಿಸಿದೆ. ಸ್ವಲ್ಪ ಕಾದು ಮತ್ತೆ ನುಡಿಸಿದೆ. ಮೈ ಜುಮ್ಮೆಂದಿತು. "ನೋಡು, ಇದು ಬೇರೆ ಲೋಕ. ಕೆಳಗೆ ಗಟ್ಟಿ, ಮೇಲೆ ಮೆದು. ಕಿವುಡನಿಗೂ ಗೊತ್ತಾಗುತ್ತೆ. ಇದೇ ಇರಲಿ."

ಹಿಂದಿನಿಂದ ಗಣಿತದ ಮೇಷ್ಟ್ರ ಬಾಯಿತುಂಬಿದ ದನಿ ಬಂತು. "ಗುರು, ಒಂದು ನಿಮಿಷ ತಡಿ. ಅತ್ತಿಗೆ ಮಿರ್ಚಿ ಕೊಟ್ರು, ಕೈಯೆಲ್ಲಾ ಎಣ್ಣೆ. ಇನ್ನೂ ಬದಲಾಯಿಸಿಲ್ಲ."

ಎಷ್ಟು ಓಮ್

ಸ್ಪೀಕರ್ ಎಳೆಯುವ ಕರೆಂಟಿಗೆ ಒಂದು ತಡೆ ಇರುತ್ತದೆ. ಅದನ್ನು ಓಮ್ ಲೆಕ್ಕದಲ್ಲಿ ಹೇಳುತ್ತಾರೆ. ಆಂಪ್ಲಿಫಯರ್ ಎಷ್ಟು ಓಮ್ ಕೇಳುತ್ತದೋ ಸ್ಪೀಕರ್ ಅಷ್ಟೇ ಇರಬೇಕು, ಇಲ್ಲದಿದ್ದರೆ ಒಳಗೆ ಬಿಸಿಯಾಗಿ ಸುಡುತ್ತದೆ. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ನನ್ನ ಆಂಪ್‌ನ ಹಿಂದೆ ಹದಿನಾರು ಎಂದು ದಪ್ಪಕ್ಷರದಲ್ಲಿ ಬರೆದಿದೆ. ನಾನು ತಂದಿದ್ದ ಎರಡೂ ಎಂಟರವು, ಮೈ ಜುಮ್ಮೆನ್ನುವ ಭರದಲ್ಲಿ ಅದನ್ನು ನೋಡದೆ ಹಾಕಿದ್ದೆ.

ಸುಟ್ಟ ವಾಸನೆ ಮೊದಲು ಮುಟ್ಟಿದ್ದು ಅಡುಗೆಮನೆಗೆ. "ನಾ ಇನ್ನೂ ಒಗ್ಗರಣಿನೇ ಹಾಕಿಲ್ಲ. ಏನ್ ಹೊತ್ತಿಸೀರಿ?" ಎಂದಳು ಹೆಂಡತಿ. ಓಡಿಹೋಗಿ ಸ್ವಿಚ್ ಆರಿಸಿದೆ. ಪುಣ್ಯಕ್ಕೆ ಹೆಚ್ಚೇನೂ ಆಗಿರಲಿಲ್ಲ, ನನ್ನ ಮರ್ಯಾದೆ ಹೋದದ್ದು ಬಿಟ್ಟರೆ.

ಮರುದಿನ ಅಂಗಡಿಗೆ ಫೋನ್ ಮಾಡಿದೆ. ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ಮೆಟ್ಟಿಲ ಮೇಲೆ ನಿಂತು ಕಿರುಚಬೇಕು. ಕೆಳಗೆ ಓನರ್ ತಾಯಿ ಸೊಪ್ಪು ಬಿಡಿಸುತ್ತ ಕೂತಿದ್ದರು. "ಎಂಟು ಓಮ್ ಸಾಲದು ಸಾರ್. ನಂಗೆ ಹದಿನಾರು ಓಮೇ ಬೇಕು. ಎಂಟಕ್ಕೆ ಜೀವ ತಡ್ಕೊಳಲ್ಲ, ನಿನ್ನೆ ಸ್ವಲ್ಪದರಲ್ಲೇ ಉಳೀತು," ಎಂದು ನಾನು ಹೇಳುವುದನ್ನು ಅಜ್ಜಿ ಕೈ ನಿಲ್ಲಿಸಿ ಕೇಳಿಸಿಕೊಂಡರು.

ಫೋನ್ ಇಟ್ಟ ಮೇಲೆ ಕೇಳಿದರು, "ಎಷ್ಟು ಓಂ ಅಂದೆಪ್ಪಾ?"

"ಹದಿನಾರು ಅಜ್ಜಿ."

"ಅದಿನಾರೇ ಯಾಕೆ? ನೂರೆಂಟು ಮಾಡು. ಒಳ್ಳೇದಾಯ್ತದೆ."

ಈ ವಯಸ್ಸಿನಲ್ಲೂ ಅಜ್ಜಿಗೆ ಸ್ಪೀಕರ್ ಬಗ್ಗೆ ಎಷ್ಟು ಆಸಕ್ತಿ ಎಂದು ನನಗೆ ಸಂತೋಷವಾಯಿತು. "ಅಷ್ಟೊಂದು ಸಿಗಲ್ಲ ಅಜ್ಜಿ. ಅಂಗಡಿಯಲ್ಲಿ ಹದಿನಾರೇ ಜಾಸ್ತಿ. ಅದಕ್ಕೂ ಆರ್ಡರ್ ಕೊಡಬೇಕು," ಎಂದೆ.

ಅಜ್ಜಿ ಸೊಪ್ಪಿನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. "ಓಂ ಅನ್ನೋದನ್ನೂ ಅಂಗಡೀಲಿ ಮಾರ್ತಾವ್ರೆ. ಕಾಲ ಕೆಟ್ಟೋಯ್ತು."

ಪಳಗಿಸುವುದು

ಹದಿನಾರರ ಸ್ಪೀಕರ್ ಬಂತು. ಹೊಸ ಸ್ಪೀಕರಿನ ಕಾಗದ ಬಿಗಿಯಾಗಿರುತ್ತದೆ, ಹೊಸ ಚಪ್ಪಲಿ ಕಚ್ಚುವ ಹಾಗೆ ಕಿವಿಗೆ ಕಚ್ಚುತ್ತದೆ. ಅದು ಸಡಿಲವಾಗಲು ಗಂಟೆಗಟ್ಟಲೆ ಸಣ್ಣ ದನಿಯಲ್ಲಿ ಏನಾದರೂ ನುಡಿಯುತ್ತಿರಬೇಕು. ನಾನೇ ಕೂತು ನುಡಿಸಿದರೆ ಓನರ್ ಮೂರನೇ ಸಲ ಮೆಟ್ಟಿಲು ಹತ್ತುವುದು ಖಂಡಿತ. ಹಾಗಾಗಿ ಒಂದು ಉಪಾಯ ಮಾಡಿದೆ. ಹಳೆಯ ಮೊಬೈಲಿನಿಂದ ಒಂದೇ ಸಮನೆ ತಗ್ಗಿನ ಸ್ವರವೊಂದನ್ನು ಆಂಪ್‌ಗೆ ಕೊಟ್ಟೆ. ಸ್ವರವನ್ನು ಅಲೆಯಂತೆ ಏರಿಳಿಸುವ ಗುಂಡಿಯೊಂದು ಅದರಲ್ಲಿದೆ, ಅದನ್ನೂ ಹಾಕಿದೆ. ದನಿ ಬಹಳ ಸಣ್ಣದಿತ್ತು, ಯಾರಿಗೂ ಕೇಳಿಸದೆಂದುಕೊಂಡು ಬಾಗಿಲು ಹಾಕಿ ಕಾಲೇಜಿಗೆ ಹೋದೆ. ಹೆಂಡತಿ ಮಗಳು ಗದಗಿಗೆ ಮದುವೆಗೆ ಹೋಗಿದ್ದರು.

ತಗ್ಗಿನ ಸ್ವರ ಗೋಡೆ, ನೆಲ ದಾಟಿ ಹೋಗುತ್ತದೆ. ಇದೂ ನಾನು ಪಾಠ ಮಾಡುವ ವಿಷಯವೇ.

ಸಂಜೆ ಬಂದರೆ ಗೇಟಿನ ಒಳಗೆ ಚಪ್ಪಲಿಗಳ ರಾಶಿ. ಬೀದಿಯವರೆಲ್ಲ ಸೇರಿ ದೂರು ಕೊಟ್ಟಿದ್ದಾರೆ, ಇವತ್ತಿಗೆ ಈ ಮನೆಯ ಋಣ ತೀರಿತು. ಹೆಂಡತಿಗೆ ಫೋನಿನಲ್ಲಿ ಹೇಗೆ ಹೇಳುವುದು, ಅವಳು ಗದಗಿನಿಂದ ಯಾವ ಮನೆಗೆ ವಾಪಸು ಬರುವುದು ಎಂದೆಲ್ಲ ಯೋಚಿಸುತ್ತ ಒಳಗೆ ಕಾಲಿಟ್ಟೆ. ಮೆಟ್ಟಿಲ ತುಂಬ ಹೆಂಗಸರು ಕೂತಿದ್ದರು. ಮೇಲಿನ ಮೆಟ್ಟಿಲಲ್ಲಿ, ನನ್ನ ಬಾಗಿಲಿಗೆ ಒರಗಿ, ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ಒಳಗಿನಿಂದ ನನ್ನ ಸ್ಪೀಕರ್ ಸಮಾಧಾನವಾಗಿ "ಓಂಮ್... ಓಂಮ್..." ಎನ್ನುತ್ತಿತ್ತು.

ಓನರ್ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು. "ಮೇಷ್ಟ್ರೇ, ಒಳಗೆ ಯಾವ ಸ್ವಾಮೇರನ್ನ ಕರ್ಕಂಡ್ ಬಂದಿದ್ದೀರಾ? ಬೆಳಿಗ್ಗೆಯಿಂದ ಒಂದ್ಸಲನೂ ಉಸ್ರು ತಗಂಡಿಲ್ಲ."

"ಯಾರೂ ಇಲ್ಲ ಅಣ್ಣ. ಮಿಷಿನ್ನು," ಎಂದೆ. ಇದು ಸ್ಪೀಕರ್ ಸಡಿಲ ಮಾಡುವ ಶಬ್ದ ಎನ್ನುವುದು ನಾಲಿಗೆ ತುದಿವರೆಗೂ ಬಂದಿತ್ತು. ಮನೆ ನೆನಪಾಗಿ ಅಲ್ಲೇ ನುಂಗಿದೆ.

"ಮಿಷಿನ್ನಾದ್ರೂ ಆಗ್ಲಿ. ಅಮ್ಮಂಗೆ ಮಂಡಿನೋವು ಕಮ್ಮಿ ಆಗೈತಂತೆ. ದಿನಾ ಹಾಕಿ."

ದಿನಾ ಹಾಕಿದೆ. ಮೂರನೇ ಸಲ ಓನರ್ ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಕೈಯಲ್ಲಿ ತೋಟದ ಪರಂಗಿಹಣ್ಣು. "ಸೌಂಡು ಒಸಿ ಜಾಸ್ತಿ ಮಡ್ಗಿ ಮೇಷ್ಟ್ರೇ. ಹಿಂದಿನ ಬೀದಿಯೋರಿಗೆ ಕೇಳಲ್ವಂತೆ." ಗಿಟಾರ್ ಹಿಡಿದಾಗಿನಿಂದ ಒಬ್ಬರಾದರೂ ಈ ಮಾತು ಹೇಳಲೆಂದು ಕಾದವನು ನಾನು. ಹೇಳಿದರು, ಆದರೆ ಅದು ನನ್ನ ಕೈ ಸೋಕದೆ ಬರುವ ಸ್ವರಕ್ಕೆ. ಬೇಜಾರಾಯಿತು, ಪರಂಗಿಹಣ್ಣು ಮಾತ್ರ ಚೆನ್ನಾಗಿತ್ತು.

ಹೆಂಡತಿ ಊರಿಂದ ಬಂದಾಗ ಗೇಟಿನಲ್ಲೇ ಇಬ್ಬರು ಹೆಂಗಸರು ಅವಳಿಗೆ ಕೈಮುಗಿದರು. ಮೇಲೆ ಬಂದು ಕೇಳಿದಳು, "ಇವ್ರಿಗೆಲ್ಲಾ ಏನ್ ಹೇಳೀರಿ?"

"ಏನೂ ಹೇಳಿಲ್ಲ."

"ಛಲೋ ಆತು. ಹೇಳಬ್ಯಾಡ್ರಿ."

ಅಷ್ಟರಲ್ಲಿ ಸ್ಪೀಕರ್ ಚೆನ್ನಾಗಿ ಪಳಗಿತ್ತು. ಒಂದು ಸಂಜೆ ಮೊಬೈಲ್ ಕಿತ್ತು ಗಿಟಾರ್ ಸಿಕ್ಕಿಸಿದೆ. ಈಗ ಬೀದಿಯೇ ನಮ್ಮ ಕಡೆಯಿದೆ, ಭಯವೇಕೆಂದು ಬಾಗಿಲನ್ನೂ ತೆರೆದಿಟ್ಟೆ. ಮೊದಲ ಸ್ವರಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ದುಂಡಗೆ, ಬೆಚ್ಚಗೆ, ಅಂಚಿನಲ್ಲಿ ಇಷ್ಟೇ ಇಷ್ಟು ಒಡೆಯುವ ಸ್ವರ. ನನಗೆ ಬರುವುದನ್ನೆಲ್ಲ ನುಡಿಸಿದೆ, ಬರದಿದ್ದನ್ನೂ ನುಡಿಸಿದೆ. ಹೆಂಡತಿ ಕೂಡ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ನಿಲ್ಲಿಸಿದಾಗ ಕೆಳಗೆ ಮೆಟ್ಟಿಲ ಬಳಿ ಗುಸುಗುಸು ಕೇಳಿಸಿತು. ಜನ ಸೇರಿದ್ದಾರೆಂದು ಗೊತ್ತಾಗಿ ನಾನು ಗಿಟಾರ್ ಹಿಡಿದುಕೊಂಡೇ ಬಾಗಿಲಿಗೆ ಹೋದೆ.

ಅಜ್ಜಿ ಕತ್ತೆತ್ತಿ ನೋಡಿದರು. ಮುಖದಲ್ಲಿ ನಿಜವಾದ ಕಳವಳವಿತ್ತು.

"ಯಾಕಪ್ಪಾ ಮೇಷ್ಟ್ರೇ, ಮಿಷಿನ್ನು ಕೆಟ್ಟೋಯ್ತಾ? ಆಗ್ಲಿಂದ ಒಂದೇ ಸಮನೆ ಅಳ್ತೈತೆ, ಆಫ್ ಮಾಡ್ಬುಡು."