ಮುಕ್ಕಾಲು ಸಿನಿಮಾ

ಸಿನಿಮಾ ಮುಗಿದಾಗ ಪರದೆಯ ತುಂಬ ದೊಡ್ಡದಾಗಿ ಒಂದು ಪದ ಬರುತ್ತಿತ್ತಲ್ಲ, ಏನದು? ಮಂಗಳಂ? ಅಲ್ಲ. ಸಮಾಪ್ತಿ? ಅದೂ ಅಲ್ಲ. ಕೊನೆಯ ಅಕ್ಷರ ‘ಭಂ’, ಅಷ್ಟು ಖಾತ್ರಿ. ಅದರ ಹಿಂದಿನದು ತುಟಿಯ ತನಕ ಬಂದು ತಿರುಗಿ ಹೋಗುತ್ತದೆ. ಕಣ್ಣು ಮಂಜಾದ ಮೇಲೆ ಹೇಳುವವಳು ನಾನು, ಬರೆಯುವವಳು ಮೊಮ್ಮಗಳು. ಅವಳನ್ನು ಕೇಳಿದರೆ, "ದಿ ಎಂಡ್ ಏನು ಆಯಿ?" ಎಂದಳು. ಅವಳ ಕಾಲದ ಸಿನಿಮಾಗಳಲ್ಲಿ ಕೊನೆಗೆ ಬರುವುದು ಬರೀ ಹೆಸರುಗಳ ಸಾಲು. "ಫೋನಿನ್ಯಾಗ ನೋಡ್ಲೇನು?" ಎಂದಳು. ಬೇಡ ಎಂದೆ. ಇಷ್ಟು ವರ್ಷ ಕಾದವಳು ಇನ್ನಷ್ಟು ಹೊತ್ತು ಕಾಯುತ್ತೇನೆ.

ವಯಸ್ಸಿನ ಮರೆವು ಎಂದು ಮನೆಯವರು ಹೇಳುತ್ತಾರೆ. ಮರೆವಲ್ಲ. ನಾನು ಆ ಪದವನ್ನು ಪೂರ್ತಿ ನೋಡಿದ್ದರೆ ತಾನೆ ಮರೆಯುವುದು? ಸಿನಿಮಾ ಎಂದರೆ ಉಣ್ಣುವುದನ್ನೂ ಬಿಟ್ಟು ಓಡುವ ಹೆಂಗಸು ನಾನು. ಆದರೆ ಇಂದಿನವರೆಗೆ ಯಾವ ಸಿನಿಮಾದ ಕೊನೆಯನ್ನೂ ಕಂಡಿಲ್ಲ. ಪ್ರತಿ ಸಲವೂ ಏನೋ ಒಂದು ಆಗುತ್ತದೆ. ಈಗಲೂ ಆಗುತ್ತಲೇ ಇದೆ. ನನಗೆ ಕಾಶಿ ಬೇಡ, ರಾಮೇಶ್ವರ ಬೇಡ. ಒಂದೇ ಒಂದು ಸಿನಿಮಾವನ್ನು ಕೊನೆಯ ತನಕ ನೋಡಿದರೆ ಸಾಕು.

ರುಮಾಲು

ನಾನು ಹುಟ್ಟಿದ್ದು ಮಂಡ್ಯದ ಕಡೆ, ಮಳವಳ್ಳಿಯಲ್ಲಿ. ಬೇಸಿಗೆ ಬಂದರೆ ಊರಾಚೆ ಟೆಂಟ್ ಸಿನಿಮಾ ಬರುತ್ತಿತ್ತು. ನೆಲದ ಮೇಲೆ ಕೂತು ನೋಡುವುದು. ಕೊನೆಯ ಹೊಡೆದಾಟ ಮುಗಿಯುತ್ತಿದ್ದಂತೆ ದೊಡ್ಡವರೆಲ್ಲ ಎದ್ದು ನಿಂತು ಪಂಚೆ ಕೊಡವಿಕೊಳ್ಳುತ್ತಿದ್ದರು. ನನ್ನ ಮುಂದೆ ಯಾವಾಗಲೂ ಒಬ್ಬ ರುಮಾಲಿನವನೇ ಇರಬೇಕು.

"ತಾತ, ಒಸಿ ಕೂತ್ಕೊಳಿ, ಕಾಣ್ಸ್ತಾ ಇಲ್ಲ."

"ಮುಗೀತು ಕಣವ್ವ. ಇನ್ನೇನ್ ನೋಡೀಯೆ?"

ಅವನ ರುಮಾಲಿನ ಪಕ್ಕಕ್ಕೆ ಉಳಿದಿದ್ದ ಜಾಗದಲ್ಲಿ ನನಗೆ ಕಂಡದ್ದು ‘ಭಂ’. ಮನೆಗೆ ನಡೆಯುತ್ತ ಅಪ್ಪನನ್ನು ಕೇಳಿದೆ, "ಭಂ ಅಂದ್ರೆ ಏನಪ್ಪ?"

ಅಪ್ಪ ಯೋಚನೆ ಮಾಡಿ ಹೇಳಿದರು: "ಬಾಂಬ್ ಇರ್ಬೇಕು ಕಣಮ್ಮ."

ಅಪ್ಪನೂ ಆ ಹೊತ್ತಿನಲ್ಲಿ ಚಪ್ಪಲಿ ಹುಡುಕುತ್ತಿದ್ದವರೇ.

ಗರ್ದಿ

ಮದುವೆಯಾಗಿ ಬ್ಯಾಡಗಿಗೆ ಬಂದೆ. ಮೆಣಸಿನಕಾಯಿ ವ್ಯಾಪಾರದ ಮನೆ, ಮಾವನವರ ಮಾತೇ ಮಾತು. ಸಿನಿಮಾದ ಜಾಹೀರಾತು ಸಾರುತ್ತ ಹೋಗುವ ಗಾಡಿಯವನು "ಮನೆಮಂದಿಯೆಲ್ಲ ಕೂಡಿ ನೋಡುವ ಸಾಂಸಾರಿಕ ಚಿತ್ರ" ಎಂದು ಕೂಗಿದರೆ ಮಾತ್ರ ಅವರು ಟಿಕೆಟ್ ತರಿಸುತ್ತಿದ್ದರು. ಬೇರೆ ಚಿತ್ರಗಳಿಂದ ಹೆಣ್ಣುಮಕ್ಕಳು ಕೆಡುತ್ತಾರೆ. ಗಂಡಸರು ಕೆಡುವುದಿಲ್ಲ, ಅವರು ಅವನ್ನೆಲ್ಲ ಬೇರೆಯಾಗಿ ಹೋಗಿ ನೋಡಿ ಬರುತ್ತಿದ್ದರು.

ಟಾಕೀಸಿನಲ್ಲಿ ಗಂಡಸರು ಒಂದು ಕಡೆ, ನಾವು ಸೊಸೆಯಂದಿರು ಅತ್ತೆಯ ಜೊತೆ ಇನ್ನೊಂದು ಕಡೆ. ಕಳೆದುಹೋದ ಮಗನ ತೋಳಿನ ಮಚ್ಚೆಯನ್ನು ತಾಯಿ ಇನ್ನೇನು ನೋಡಬೇಕು, ಆಗ ಕತ್ತಲಲ್ಲಿ ಮಾವನವರ ಕೆಮ್ಮು ಕೇಳುತ್ತಿತ್ತು. ಆ ಕೆಮ್ಮೇ ನಮ್ಮ ಪಾಲಿನ ಮುಕ್ತಾಯ.

"ಏಳ್ರಿ, ಏಳ್ರಿ. ಮಂದಿ ಎದ್ರಂದ್ರ ಗರ್ದಿ ಆಕ್ಕೈತಿ. ಗರ್ದ್ಯಾಗ ಹೆಣ್ಮಕ್ಕಳನ್ನ ಕರಕೊಂಡು ಹೋಗಾಕ ಬರಾಂಗಿಲ್ಲ."

ಗರ್ದಿ ಎಂದರೆ ನೂಕುನುಗ್ಗಲು. ಊರಿನ ಮರ್ಯಾದಸ್ಥ ಮನೆಯವರೆಲ್ಲ ಅದನ್ನು ತಪ್ಪಿಸಲು ಅದೇ ಹೊತ್ತಿಗೆ ಏಳುತ್ತಿದ್ದರು. ಹಾಗಾಗಿ ಬಾಗಿಲಲ್ಲಿ ಭಯಂಕರ ಗರ್ದಿ. ಕಾಲು ತುಳಿಸಿಕೊಂಡು, ಸೆರಗು ಎಳೆಸಿಕೊಂಡು ಹೊರಗೆ ಬೀಳುತ್ತಿದ್ದೆವು. ಒಳಗೆ ಕೂತು ಕೊನೆ ನೋಡಿದವರು ಆಮೇಲೆ ಕೈಬೀಸಿಕೊಂಡು ಬರುತ್ತಿದ್ದರು.

ದಾರಿಯಲ್ಲಿ ಗಂಡನನ್ನು ಕೇಳುತ್ತಿದ್ದೆ, "ಏನೂಂದ್ರೆ, ಮುಂದೆ ಏನಾಯ್ತು?"

"ಏನಾಗೂದೈತಿ? ಎಲ್ಲಾರೂ ಒಂದ ಆಗ್ತಾರ."

ಕೆಲವು ವರ್ಷಗಳ ಮೇಲೆ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದರು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಕಿಟಕಿ ಒಬ್ಬರಿಗೆ, ಅದರ ಬಾಗಿಲು ಇನ್ನೊಬ್ಬರಿಗೆ. ನೆಗೆಣ್ಣಿಯರು ಎದುರಾದರೆ ಮುಖ ತಿರುಗಿಸುತ್ತಿದ್ದರು. ಊರಿನವರಿಗೆ ಆಶ್ಚರ್ಯ: ಅಷ್ಟೊಂದು ಸಾಂಸಾರಿಕ ಚಿತ್ರ ನೋಡಿದ ಮನೆ ಹೀಗೇಕಾಯಿತು? ನನಗೆ ಆಶ್ಚರ್ಯವಾಗಲಿಲ್ಲ. ಜಗಳವಾಗುವ ತನಕ ಎಲ್ಲವನ್ನೂ ಗಮನವಿಟ್ಟು ನೋಡಿದ್ದೆವು. ಒಂದಾಗುವುದು ಹೇಗೆ ಎಂದು ತೋರಿಸುವ ಹೊತ್ತಿಗೆ ಎದ್ದು ಬಂದಿದ್ದೆವಲ್ಲ.

ಯಾ ಕಡೆಯಾಕಿ

ಸಿನಿಮಾದವರು ಮಾತಾಡುವುದು ನಮ್ಮ ಮೈಸೂರು, ಮಂಡ್ಯದ ಕಡೆಯ ಕನ್ನಡ. ಬ್ಯಾಡಗಿಯಲ್ಲಿ ಅದನ್ನು ಮಾತಾಡುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಪರದೆಯ ಮೇಲೆ ಯಾವ ಹೆಂಗಸು ಏನು ಮಾಡಿದರೂ ಜವಾಬು ನಾನು ಕೊಡಬೇಕಿತ್ತು.

ಒಂದು ಚಿತ್ರದಲ್ಲಿ ಹಿರಿಯ ಸೊಸೆ ಮನೆ ಒಡೆದಳು. ಅತ್ತೆ ಮೊಣಕೈಯಿಂದ ನನ್ನನ್ನು ತಿವಿದರು. "ನೋಡು ನೋಡು, ನಿಮ್ಮ ಕಡೆಯಾಕಿ ಎಂಥಾ ಕೆಲಸ ಮಾಡಿದ್ಲು!"

ನಾನೂ ಆಗ ಹೊಸಬಳು, ಧೈರ್ಯವಿತ್ತು. "ಅತ್ತೆ, ಕಿರಿ ಸೊಸೆ ಎಷ್ಟು ಒಳ್ಳೆಯವಳು! ಅವಳೂ ನಮ್ಮ ಕಡೆಯವಳೇ ಅಲ್ವಾ?"

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆಕಿ ಬರೇ ಅಳತಾಳ, ಮಾತಾಡಾಂಗಿಲ್ಲ. ಯಾ ಕಡೆಯಾಕಿ ಅಂತ ಹೆಂಗ ಹೇಳೂದು?"

ಅಂದಿನಿಂದ ನಾನೂ ಮಾತು ಕಡಿಮೆ ಮಾಡಿದೆ. ವರ್ಷ ತುಂಬುವುದರೊಳಗೆ ಅತ್ತೆ ಬಂದವರ ಮುಂದೆಲ್ಲ ಹೇಳತೊಡಗಿದರು: "ಈಗ ನೋಡ್ರಿ, ಪೂರಾ ನಮ್ಮ ಕಡೆಯಾಕಿನ ಆಗ್ಯಾಳ."

ಖಾರದ ಕೈ

ನಮ್ಮ ಮಾವನವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ, ಅವರ ತಾಯಿ ತೀರಿಕೊಂಡಾಗಲೂ. ಒಂದು ದಿನ ಪೇಟೆಯಿಂದ ನೇರವಾಗಿ ಟಾಕೀಸಿಗೆ ಬಂದರು. ಅಣ್ಣ ತಂಗಿಯ ಚಿತ್ರ. ತಂಗಿಯನ್ನು ಗಂಡನ ಮನೆಗೆ ಕಳಿಸುವ ದೃಶ್ಯದಲ್ಲಿ ಮಾವನವರು ಕಣ್ಣೊರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಒರೆಸಿದಷ್ಟೂ ನೀರು ಬಂತು.

"ಸಾವ್ಕಾರು ಅಳಾಕತ್ತಾರೋ!" ಎಂದು ಹಿಂದಿನ ಸಾಲಿನವನು ಪಿಸುಗುಟ್ಟಿದ. ಅವನ ಕಣ್ಣೂ ತುಂಬಿತು. ಅವನನ್ನು ನೋಡಿ ಅವನ ಪಕ್ಕದವನಿಗೂ ಅಳು ಬಂತು. ನಾವು ಹೆಂಗಸರಂತೂ ಸಿನಿಮಾ ಬಿಟ್ಟು ಮಾವನವರನ್ನು ನೋಡುತ್ತ ಬಿಕ್ಕಿದೆವು.

ಇನ್ನೇನು ಕೊನೆ ಬರಬೇಕು, ಮಾವನವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಎದ್ದು ಓಡಿದರು. ಹಿಂದೆ ನಾವೂ. ಹೊರಗೆ ನಳದ ಕೆಳಗೆ ಮುಖ ಒಡ್ಡಿ ಬೊಬ್ಬೆ ಹಾಕುತ್ತಿದ್ದರು. ಅತ್ತೆ ಸೆರಗಿನಿಂದ ಗಾಳಿ ಹಾಕುತ್ತ, "ಸಮಾಧಾನ ಮಾಡ್ಕೋರಿ, ಅದು ಸಿನಿಮಾ" ಎಂದರು.

"ಎಲ್ಲೀ ಸಿನಿಮಾ? ಮೆಣಸಿನಕಾಯಿ ಮುಟ್ಟಿದ ಕೈ ತೊಳಕೊಂಡಿಲ್ಲ, ನೀರು ಹಾಕು!"

ಆದರೆ ಮರುದಿನದಿಂದ ಊರಿಗೆಲ್ಲ ಒಂದೇ ಮಾತು, ಎಂಥಾ ಕರುಳಿನ ಮನುಷ್ಯ ಎಂದು. ಮಾವನವರು ಇಲ್ಲ ಎನ್ನಲಿಲ್ಲ.

ಅದೇ ವರ್ಷ ಅವರ ಸ್ವಂತ ತಂಗಿ ತವರಿನ ಪಾಲು ಕೇಳಲು ಬಂದರು; ಅತ್ತು ಕೇಳಿದರು. ಅವತ್ತು ಮಾವನವರ ಕೈ ಸ್ವಚ್ಛ ತೊಳೆದಿತ್ತು.

ಆಪಾ ಹೇಳಿದ ಕೊನೆ

ಟಿವಿ ಬಂತು. ಈಗ ಎದ್ದು ಬರುವ ಮಾತೇ ಇಲ್ಲ, ಸಿನಿಮಾನೇ ಮನೆಗೆ ಬಂದಿದೆ ಎಂದುಕೊಂಡೆ. ಭಾನುವಾರದ ಸಂಜೆ ಓಣಿಗೆ ಓಣಿಯೇ ನಮ್ಮ ಪಡಸಾಲೆಯ ಅರ್ಧದಲ್ಲಿ ತುಂಬುತ್ತಿತ್ತು. ಒಂದು ವಾರ ನಾಯಕ ಗುಂಡು ತಗುಲಿ ಬಿದ್ದ, ಕರೆಂಟು ಹೋಯಿತು. ಎಲ್ಲರೂ ಎದ್ದು ಹೋದರು. ನಾನು ಕತ್ತಲಲ್ಲಿ ಟಿವಿಯ ಮುಂದೆಯೇ ಕೂತಿದ್ದೆ.

ಎದುರು ಮನೆಯ ಆಪಾ ನನ್ನ ಓರಗೆಯವಳು. ಮನೆಯಲ್ಲಿ ಉರ್ದು, ಬೀದಿಗೆ ಬಂದರೆ ನನಗಿಂತ ಚೆಂದದ ಬ್ಯಾಡಗಿ ಮಾತು. ಅವಳು ಪಕ್ಕಕ್ಕೆ ಕೂತಳು. "ಕರೆಂಟಿನ ಹಾದಿ ಯಾಕ ಕಾಯ್ತಿ? ನಾ ಹಾವೇರ್ಯಾಗ ನೋಡೇನಿ, ಹೇಳ್ತೇನಿ ಕೇಳು."

ಹೇಳಿದಳು. ನಾಯಕ ತಾಯಿಯ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ಬಿಡುವ ಮೊದಲು ತಮ್ಮನ ಕೈಯನ್ನು ನಾಯಕಿಯ ಕೈಯಲ್ಲಿಡುತ್ತಾನೆ. ಎಷ್ಟು ಚೆಂದ ಹೇಳಿದಳೆಂದರೆ ನಾನು ಅಂದು ಊಟ ಮಾಡಲಿಲ್ಲ. ವಾರವಿಡೀ ಅವನ ದುಃಖದಲ್ಲಿದ್ದೆ. ಮುಂದಿನ ಭಾನುವಾರ ಆಪಾ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡಳು.

"ತಪ್ಪಾತವಾ. ಅದು ಬ್ಯಾರೆ ಹಿಂದಿ ಸಿನಿಮಾದ ಕೊನಿ. ನಮ್ಮಕ್ಕ ನನಗ ಹೇಳಿದ್ಲು."

"ಹಂಗಾದ್ರ ಇದರಾಗ ಏನಾತು? ನೀ ಹಾವೇರ್ಯಾಗ ನೋಡೀದಿ ಅಂದಿ?"

"ಎಲ್ಲಿ ನೋಡಿದ್ನಿ ಬೇ? ನಮ್ಮ ಮನ್ಯಾಗೂ ಮಾವ ಇದ್ರಲ್ಲ!"

ನೀರು

ಈಗ ಮಗನ ಆಳ್ವಿಕೆ. ಟಿವಿಯಲ್ಲಿ ಧಾರಾವಾಹಿಗಳಿವೆ. ಅವಕ್ಕೆ ಕೊನೆಯೇ ಇಲ್ಲದ್ದರಿಂದ ಕೊನೆ ತಪ್ಪುವ ಹೆದರಿಕೆಯೂ ಇಲ್ಲ. ಆದರೂ ಮಗ ಒಮ್ಮೆ ಹಾವೇರಿಗೆ ಕಾರಿನಲ್ಲಿ ಕರೆದುಕೊಂಡು ಹೋದ. "ಫ್ಯಾಮಿಲಿ ಪಿಚ್ಚರ್ ಅಂತ ಅವ್ವಾ, ಏನೂ ಸಂಕೋಚ ಇಲ್ಲ."

ಮೊದಲ ಹಾಡಿನಲ್ಲೇ ನಾಯಕಿ ಮಳೆಯಲ್ಲಿ ನೆನೆದಳು. ಮಗ ಗಡಬಡಿಸಿ ಬಾಟಲಿ ಚಾಚಿದ. "ಅವ್ವಾ, ನೀರು ಕುಡಿ."

ಬಾಯಾರಿಕೆ ಇರಲಿಲ್ಲ, ಕುಡಿದೆ. ಸ್ವಲ್ಪ ಹೊತ್ತಿಗೆ ನಾಯಕ ಅವಳ ಮುಖದ ಹತ್ತಿರ ಮುಖ ತಂದ. "ಅವ್ವಾ, ನೀರು." ಆಮೇಲೆ ಹಾಸ್ಯನಟ ಏನೋ ಎರಡರ್ಥದ ಮಾತಾಡಿದ. ಅವನದು ನಮ್ಮ ಬ್ಯಾಡಗಿಯ ಭಾಷೆ. ಸಿನಿಮಾದವರಿಗೆ ನಗಿಸುವುದಕ್ಕೆ ಮಾತ್ರ ಈ ಭಾಷೆ ಬೇಕು. ನಾನು ನಗುವುದರೊಳಗೆ, "ಅವ್ವಾ, ನೀರು." ಐವತ್ತು ದಾಟಿದ ಮಗ ಎಪ್ಪತ್ತು ದಾಟಿದ ತಾಯಿಯನ್ನು ಕೆಡದಂತೆ ಕಾಯುತ್ತಿದ್ದಾನೆ. ಅವನನ್ನು ನಾನು ಹೇಗೆ ಹೆತ್ತೆನೆಂದು ತಿಳಿದಿದ್ದಾನೋ!

ವಿರಾಮದ ಹೊತ್ತಿಗೆ ಎರಡು ಬಾಟಲಿ ಖಾಲಿ. ಕೊನೆಯ ದೃಶ್ಯ ಶುರುವಾದಾಗ ತಡೆಯಲಾಗಲಿಲ್ಲ, ಎದ್ದು ಓಡಿದೆ. ಮರಳಿ ಬಂದಾಗ ದೀಪ ಹತ್ತಿತ್ತು.

"ಏನಾತೋ?"

"ಎಲ್ಲಾರೂ ಒಂದ ಆದ್ರು" ಎಂದ, ಥೇಟ್ ಅಪ್ಪನ ಹಾಗೆ.

ಭಾಗ ಎರಡು

ಮೊನ್ನೆ ಮೊಮ್ಮಗಳು ನಿರ್ಧಾರ ಮಾಡಿಯೇ ಬಂದಳು. "ಆಯಿ, ನಾವಿಬ್ಬರ ಹೋಗೂಣು. ಅಪ್ಪ ಬ್ಯಾಡ, ನೀರೂ ಬ್ಯಾಡ." ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ರಾಣೇಬೆನ್ನೂರಿಗೆ ಹೋದೆವು. ಮುಂಜಾನೆಯಿಂದ ನಾನು ಚಹಾ ಸಹ ಮುಟ್ಟಿರಲಿಲ್ಲ.

ಟಿಕೆಟ್ ಕೊಡುವವನನ್ನು ಕೇಳಿದೆ, "ಕರೆಂಟ್ ಹೋದ್ರ ಜನರೇಟರ್ ಐತೇನಪ?"

"ಐತ್ರಿ ಅಮ್ಮಾರ."

"ನನ್ನ ಮುಂದ ರುಮಾಲಿನವರು ಯಾರರ ಕುಂದ್ರತಾರೇನು?"

"ಈಗ ರುಮಾಲು ಯಾರು ಸುತ್ತತಾರ್ರೀ? ಬೇಕಂದ್ರ ಒಂದು ಹೆಲ್ಮೆಟ್ ಕುಂದ್ರಸ್ತೇನಿ."

ಅದ್ಭುತ ಚಿತ್ರ. ತಾಯಿ, ಕಳೆದುಹೋದ ಮಗ, ಅವನಿಗೇ ಗೊತ್ತಿಲ್ಲದ ತಮ್ಮ, ಎಲ್ಲ ಇತ್ತು. ನನಗೆ ಬೇಕಾದದ್ದೇ. ಕೊನೆಗೆ ಸೇತುವೆಯ ಮೇಲೆ ಅಣ್ಣನ ಕತ್ತಿ ತಮ್ಮನ ಕುತ್ತಿಗೆಗೆ ಬಂತು. ತಾಯಿ ಓಡಿ ಬಂದಳು. ಮುಂದಿನ ಸಾಲಿನ ಹುಡುಗರು ಏಳಲು ಹೊರಟರು.

"ಕುಂದ್ರ್ರೋ!" ಎಂದು ಕೂಗಿದೆ. ನನ್ನ ದನಿಗೆ ಅರ್ಧ ಟಾಕೀಸು ಕೂತಿತು. ನನ್ನ ಮತ್ತು ಪರದೆಯ ನಡುವೆ ಯಾರೂ ಇಲ್ಲ. ಕೆಮ್ಮು ಇಲ್ಲ, ಕತ್ತಲೆ ಇಲ್ಲ, ಖಾರ ಇಲ್ಲ. ತಾಯಿ ಇಬ್ಬರ ನಡುವೆ ನಿಂತು, "ಮಗನೇ, ಅವನು ಯಾರು ಗೊತ್ತೇನೋ..." ಎಂದಳು.

ಪರದೆ ಕಪ್ಪಾಯಿತು. ಬಿಳಿಯ ಅಕ್ಷರ ಮೂಡತೊಡಗಿದವು. ಕನ್ನಡಕ ಒರೆಸಿ ಹಾಕಿಕೊಂಡು ಒಂದೊಂದಾಗಿ ಕೂಡಿಸಿ ಓದಿದೆ.

‘ಭಾಗ ಎರಡರಲ್ಲಿ ಮುಂದುವರಿಯುತ್ತದೆ.’

"ಇದೇನ ಬೇ?"

ಮೊಮ್ಮಗಳು ನನ್ನ ಮುಖ ನೋಡಲಿಲ್ಲ. "ಉಳದದ್ದು ಎರಡು ವರ್ಷ ಬಿಟ್ಟು ಬರತೈತಂತ ಆಯಿ."

ಮೊದಲು ನಮ್ಮನ್ನು ಸಿನಿಮಾದಿಂದ ಎಬ್ಬಿಸುತ್ತಿದ್ದರು. ಈಗ ಸಿನಿಮಾನೇ ನಮ್ಮನ್ನು ಕೂರಿಸಿ ಎದ್ದು ಹೋಗುತ್ತದೆ. ಟಿಕೆಟಿನವನು ಬಾಗಿಲಲ್ಲಿ ನಗುತ್ತ ನಿಂತಿದ್ದ. "ಹೆಂಗಿತ್ರಿ ಅಮ್ಮಾರ?"

"ಛಲೋ ಇತ್ತಪಾ. ಎರಡನೇ ಭಾಗಕ್ಕ ನನ್ನ ಫೋಟೋ ತಂದು ಇದ ಕುರ್ಚಿ ಮ್ಯಾಲೆ ಇಡತಾರ, ಅದಕ್ಕ ಟಿಕೀಟು ಕೇಳಬ್ಯಾಡ."

ಇದನ್ನು ಬರೆಸಿ ನಾನೂ ಮೊಮ್ಮಗಳೂ ನಗುತ್ತಿರುವಾಗ, ಈಗ, ಮನೆಯ ಒಳಗಿನಿಂದ ಮಗನ ಕೆಮ್ಮು ಕೇಳುತ್ತಿದೆ. ಅವನ ಅಜ್ಜನದೇ ಕೆಮ್ಮು. "ಅವ್ವಾ, ಏಳಬೇ. ಸಾಕಿನ್ನ, ಊಟಕ್ಕ ಹೊತ್ತಾತು." ಮೊಮ್ಮಗಳು ಪೆನ್ನು ಮುಚ್ಚಲು ಹೊರಟಳು. ಅವಳ ಕೈ ಹಿಡಿದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟಿನ ಜೊತೆಗೆ, ಆ ರುಮಾಲಿನ ಹಿಂದೆ ಇಷ್ಟು ವರ್ಷ ಅಡಗಿದ್ದ ಅಕ್ಷರವೂ ಬಂತು.

"ಕುಂದ್ರು. ಇದು ಮುಗಿಯೂತನಾ ಯಾರೂ ಏಳಾಂಗಿಲ್ಲ. ದೊಡ್ಡ ಅಕ್ಷರದಾಗ ಬರಿ: ಶುಭಂ."