ಮೂಲ ರಚನೆಯೂ ಮಾವಿನ ಹೋಳೂ

ದೆಹಲಿಯ ಮುಖರ್ಜಿ ನಗರದ ಸತ್ನಾಮ್ ಕೌರ್ ಆಂಟಿ ಉಪ್ಪು, ಅರಿಶಿನ ಹಚ್ಚಿ ತಾರಸಿಯಲ್ಲಿ ಒಣಹಾಕಿದ್ದ ಉಪ್ಪಿನಕಾಯಿಯ ಮಾವಿನ ಹೋಳುಗಳಲ್ಲಿ ಅರ್ಧ ಮಾಯವಾಗಿದ್ದವು. ಬೆಳಗಾದರೆ ಅದೇ ತಾರಸಿಯಲ್ಲಿ ಶತಪಥ ಹಾಕುತ್ತ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಉರುಹೊಡೆಯುತ್ತಿದ್ದವನು ಅವರ ಬಾಡಿಗೆದಾರ, ಗಾಜೀಪುರದ ಬೈಜನಾಥ ಚೌಬೆ. ಆಂಟಿಗೆ ಅಷ್ಟು ಸಾಕ್ಷ್ಯ ಸಾಕಾಯಿತು.

"ಸಂಜೆಯೊಳಗೆ ರೂಮ್ ಖಾಲಿ ಮಾಡು," ಎಂದರು. ಅವನು ಬಾಯಿ ತೆರೆದ. ಅವರು ಬಾಗಿಲು ಮುಚ್ಚಿದರು.

ಬರುವ ಭಾನುವಾರ ಐಎಎಸ್ ಪರೀಕ್ಷೆಯ ಪ್ರಿಲಿಮ್ಸ್. ಬೈಜನಾಥನಿಗೆ ಅದು ಕೊನೆಯ ಅವಕಾಶ. ಆ ವಾರ ಮುಖರ್ಜಿ ನಗರದಲ್ಲಿ ರೂಮು ಹುಡುಕುವುದೆಂದರೆ ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಖಾಲಿ ಎಲೆ ಹುಡುಕಿದಂತೆ. ಮಾರುಕಟ್ಟೆಯಿಂದ ಒಂದು ಚೀಲ ಮಾವಿನಕಾಯಿ ತಂದು ಆಂಟಿಯ ಕಾಲ ಬಳಿ ಸುರಿದು, ಮಾಡದ ತಪ್ಪಿಗೆ ಕ್ಷಮೆ ಕೇಳಿಬಿಡುವುದೆಂದು ಅವನು ತೀರ್ಮಾನಿಸಿದ. ಅದು ಫಲಿಸುತ್ತಿತ್ತು ಕೂಡ. ಆಂಟಿಯ ಸಿಟ್ಟು ಹಾಲಿನ ನೊರೆಯಂಥದ್ದು, ನಾಲ್ಕು ಹನಿ ನೀರು ಚಿಮುಕಿಸಿದರೆ ಇಳಿಯುವಂಥದ್ದು. ಆದರೆ ಮೆಟ್ಟಿಲಲ್ಲಿ ಪುಷ್ಕರ್ ಭಯ್ಯಾ ಸಿಕ್ಕಿದರು. ತಮ್ಮ ಅವಕಾಶಗಳನ್ನೆಲ್ಲ ಮುಗಿಸಿಕೊಂಡು, ಈಗ ಕಿರಿಯರಿಗೆ ಸಲಹೆ ಕೊಡುತ್ತ ಎರಡನೇ ಮಹಡಿಯಲ್ಲಿ ಉಳಿದವರು.

"ಕ್ಷಮೆ ಕೇಳ್ತೀಯಾ? ಮೇನಕಾ ಗಾಂಧಿ ಪ್ರಕರಣ ಓದಿಲ್ವಾ? ಒಬ್ಬನ ಮಾತು ಕೇಳದೆ ಶಿಕ್ಷೆ ಕೊಡೋ ಹಾಗಿಲ್ಲ. ಇದು ನಿನ್ನೊಬ್ಬನ ರೂಮಿನ ಪ್ರಶ್ನೆ ಅಲ್ಲ ಕಣೋ."

"ಭಯ್ಯಾ, ನಂಗೆ ನನ್ನೊಬ್ಬನ ರೂಮೇ ಸಾಕು."

ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆಯ ಹುಡುಗರೆಲ್ಲ ಪುಷ್ಕರ್ ಭಯ್ಯಾನ ಕೋಣೆಯಲ್ಲಿ ಸೇರಿದ್ದರು. ಪಕ್ಕದ ರೂಮಿನ ರಿಜ್ವಾನ್, ಮೂಲಭೂತ ಹಕ್ಕುಗಳು ಸರ್ಕಾರದ ವಿರುದ್ಧವೇ ಹೊರತು ಆಂಟಿಯ ವಿರುದ್ಧ ಅಲ್ಲ ಎಂದು ವಾದ ಹೂಡಿದ. ನೀನು ಯಾರ ಕಡೆ ಎಂದು ಬೈಜನಾಥ ಕೇಳಿದ.

"ಉತ್ತರದಲ್ಲಿ ಎರಡೂ ಕಡೆ ಬರೀಬೇಕಲ್ಲಪ್ಪ," ಎಂದ ರಿಜ್ವಾನ್.

ಕೊನೆಗೆ, ಕಾಸರಗೋಡಿನ ಸ್ವಾಮಿಗಳು ಮಠದ ಭೂಮಿಗಾಗಿ ಹೂಡಿದ್ದ ಕೇಶವಾನಂದ ಭಾರತಿ ಪ್ರಕರಣ ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ. ಹಾಗೆಯೇ ಆಂಟಿ ಮನೆಯ ನಿಯಮ ಏನು ಬೇಕಾದರೂ ಮಾಡಲಿ, ಬಾಡಿಗೆದಾರನ ಮಾತು ಕೇಳುವುದು ಮಾತ್ರ ಮನೆಯ ಮೂಲ ರಚನೆ. ಎಲ್ಲರೂ ತಲೆದೂಗಿದರು. ಬೈಜನಾಥನಿಗೆ ಒಂದು ಹಳೆಯ ಸಂಶಯವಿತ್ತು.

"ಆ ಸ್ವಾಮಿಗಳಿಗೆ ಕೊನೆಗೆ ಮಠದ ಭೂಮಿ ವಾಪಸ್ ಸಿಕ್ತಾ?"

"ಅದೆಲ್ಲ ಪರೀಕ್ಷೆಗೆ ಬರಲ್ಲ," ಎಂದರು ಪುಷ್ಕರ್ ಭಯ್ಯಾ. ಅಷ್ಟರಲ್ಲಿ ಕೆಳಗೆ ಯಾರೋ ಕೂಲರ್ ಎಳೆಯುವ ಸದ್ದು ಕೇಳಿತು. ವಾದದ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ.

ಸಂಜೆ ತಾರಸಿಯಲ್ಲಿ ಆಂಟಿ ಬೆತ್ತದ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ ಎಲ್ಲ ವಾದವನ್ನೂ ಕೇಳಿದರು. ಬುಟ್ಟಿ ತುಂಬಿತು, ವಾದ ಮುಗಿಯಲಿಲ್ಲ.

"ಆಯ್ತು ಬಿಡ್ರಪ್ಪ. ಇನ್ಮೇಲೆ ಈ ಮನೇಲಿ ಯಾರನ್ನೂ ಅವರ ಮಾತು ಕೇಳದೆ ಹೊರಗೆ ಹಾಕಲ್ಲ. ವಾಹೆಗುರು ಆಣೆ."

ಚಪ್ಪಾಳೆ ಬಿತ್ತು. ಪುಷ್ಕರ್ ಭಯ್ಯಾ ಗೆದ್ದ ವಕೀಲನಂತೆ ಎರಡೂ ಕೈ ಎತ್ತಿದರು. ಆಂಟಿಯ ಕಣ್ಣು ಆ ಕೈಗಳ ಮೇಲೆ ನಿಂತಿತು. ಬೆರಳ ತುದಿಗಳೆಲ್ಲ ಅರಿಶಿನ.

ಆಂಟಿ ಚಪ್ಪಲಿಗೆ ಕೈ ಹಾಕಿದರು.

"ವಿಚಾರಣೆ, ಆಂಟೀಜಿ," ಎಂದು ಪುಷ್ಕರ್ ಭಯ್ಯಾ ಹಿಂದೆ ಸರಿದರು.

ಇಟ್ಟ ಆಣೆ ಇನ್ನೂ ಬಿಸಿಯಾಗಿತ್ತು. ಆಂಟಿ ಚಪ್ಪಲಿ ಬಿಟ್ಟರು. ಸಾಕ್ಷಿಗಳಿಗೆಲ್ಲ ಪರೀಕ್ಷೆ ಇರುವುದರಿಂದ ವಿಚಾರಣೆ ಪ್ರಿಲಿಮ್ಸ್ ಮುಗಿದ ಮೇಲೆ ಎಂದಾಯಿತು. ಅಲ್ಲಿಯವರೆಗೆ ಪುಷ್ಕರ್ ಭಯ್ಯಾ ತಮ್ಮ ರೂಮಿನಲ್ಲೇ ಇರಬಹುದು.

ಬೈಜನಾಥನಿಗೆ ಜೀವ ಬಂದಂತಾಯಿತು. "ಹಾಗಾದ್ರೆ ನಾನು ರೂಮಿಗೆ ಹೋಗ್ಲಾ, ಆಂಟೀಜಿ?"

ಆಂಟಿ ಅವನ ತಲೆ ಸವರಿದರು. "ನಂದೇ ತಪ್ಪು, ಮಗಾ. ಆದ್ರೆ ರೂಮನ್ನ ಮಧ್ಯಾಹ್ನಾನೇ ಗೋರಖಪುರದ ಹುಡುಗನಿಗೆ ಕೊಟ್ಟೆ. ಕೂಲರೂ ಹಾಕ್ಕೊಂಡಾಯ್ತು. ಅವನ ಮಾತು ಕೇಳದೆ ಎಬ್ಬಿಸೋ ಹಾಗಿಲ್ಲವಲ್ಲ ಈಗ."

"ಕೇಳೇ ಎಬ್ಬಿಸಿ."

"ಅವನೇನು ತಪ್ಪು ಮಾಡಿದಾನೆ?" ಎಂದ ರಿಜ್ವಾನ್.

ಮೆಟ್ಟಿಲ ಬಳಿ ಬೈಜನಾಥನ ಹಾಸಿಗೆ ಸುತ್ತಿಟ್ಟಿತ್ತು. ಆಂಟಿ ಅದರ ಮೇಲೆ ಹೋದ ವರ್ಷದ ಉಪ್ಪಿನಕಾಯಿಯ ಬಾಟಲಿ ಇಟ್ಟರು. ಈ ಮನೆ ಇರೋವರೆಗೂ ನಿನ್ನ ಹೆಸರು ಉಳಿಯುತ್ತೆ ಎಂದು ಪುಷ್ಕರ್ ಭಯ್ಯಾ ಮೇಲಿನಿಂದ ಕೂಗಿದರು.

ಬೈಜನಾಥ ಹಾಸಿಗೆ ಹೊತ್ತು ಬೀದಿಗಿಳಿದ. ಚಹಾ ಅಂಗಡಿಯ ಮುಂದೆ ನಾಲ್ಕು ಹುಡುಗರು ಮೂಲ ರಚನೆಯ ಮೇಲೆ ವಾದಿಸುತ್ತಿದ್ದರು. ಆ ಸ್ವಾಮಿಗಳಿಗೆ ಭೂಮಿ ಸಿಕ್ಕಿತೋ ಇಲ್ಲವೋ ಎಂದು ಅವನು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.